ಸರ್ಟಿಫಿಕೇಟು ಸಾಕು, ಪಾಠ ಸುಧಾರಿಸಬೇಕು: ನಿಮ್ಮ ಕಾಲೇಜಿನಲ್ಲಿ ಏನು ಮಾಡಿದಿರಿ?

ಡಸ್ಟರ್ ಮೇಡಂ
ಸೋಮವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಊರಿನ ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಯಾವ ತಾಲ್ಲೂಕು ಅಂತ ದಯವಿಟ್ಟು ಕೇಳಬೇಡಿ. ಇಲ್ಲಿ ನಮ್ಮವರೇ ಜಾಸ್ತಿ ಇದ್ದಾರೆ ಅಂತ ಗೊತ್ತು.

ಈ ವರ್ಷ ಐಕ್ಯೂಎಸಿ, ಅಂದರೆ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಸಮಿತಿ, ನನ್ನ ತಲೆಗೆ ಬಂದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಪಟ್ಟಿಯಲ್ಲಿ 6.3 ಅಂತ ಒಂದು ಭಾಗ ಇದೆಯಲ್ಲ, ಅಧ್ಯಾಪಕರ ಸಬಲೀಕರಣ? ಎಷ್ಟು ಜನ ಎಫ್‌ಡಿಪಿ (ಅಧ್ಯಾಪಕರ ತರಬೇತಿ) ಮಾಡಿದರು, ಸಮ್ಮೇಳನಕ್ಕೆ ಹೋಗಲು ಎಷ್ಟು ಜನಕ್ಕೆ ದುಡ್ಡು ಕೊಟ್ಟಿರಿ, ಇವನ್ನೆಲ್ಲ ತುಂಬಬೇಕು. ಅದಕ್ಕಾಗಿ ಹೋದ ವಾರ ಹಳೇ ಫೈಲು ತೆಗೆದೆ. ಸರ್ಟಿಫಿಕೇಟುಗಳು ಇನ್ನೂರು ದಾಟುತ್ತವೆ. ಅರ್ಧಕ್ಕರ್ಧ 2020ರ ಲಾಕ್‌ಡೌನಿನವು. ಗೂಗಲ್ ಫಾರ್ಮ್‌ನಲ್ಲಿ ಹತ್ತು ಪ್ರಶ್ನೆಗೆ ಟಿಕ್ ಹಾಕಿದರೆ ಮೇಲ್‌ಗೆ ಬಂದು ಬೀಳುತ್ತಿದ್ದವು, ನೆನಪಿದೆ ಅಲ್ವಾ?

ನನ್ನವೇ 19 ಇವೆ. ಒಂದೊಂದಾಗಿ ನೋಡಿದೆ. ಯಾವುದರಲ್ಲಿ ಏನು ಹೇಳಿದರು ಅಂತ ಒಂದೂ ನೆನಪಿಲ್ಲ. ಒಂದು ದಿನ ಮಾತ್ರ ಚೆನ್ನಾಗಿ ನೆನಪಿದೆ. ಮ್ಯೂಟ್ ಮಾಡಲು ಮರೆತಿದ್ದೆ, ನಮ್ಮ ಮನೆ ಕುಕ್ಕರು ಮೂರು ಸಲ ಕೂಗಿತು.

ನನ್ನ ಪ್ರಶ್ನೆ ಇಷ್ಟೇ. ನಿಮ್ಮ ಪಾಠ ನಿಜವಾಗಿ ಬದಲಾಗಿದ್ದು ಯಾವುದರಿಂದ? ಯಾವುದೋ ತರಬೇತಿಯಿಂದಲಾ, ಯಾರೋ ಹೇಳಿದ ಒಂದು ಮಾತಿನಿಂದಲಾ? ನಮ್ಮಲ್ಲಿ 23 ಜನ ಇದ್ದೇವೆ. ಕಾಯಂ 8, ಉಳಿದ 15 ಜನ ಅತಿಥಿ ಉಪನ್ಯಾಸಕರು. ಹುಡುಗರು ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ದುಡ್ಡು ಇಲ್ಲ. ದುಡ್ಡಿಲ್ಲದೆ ಏನು ಮಾಡಬಹುದು?


ಪುಶ್‌ಪುಲ್ ಪ್ರಯಾಣಿಕ
ಸೋಮವಾರ, ರಾತ್ರಿ 10:05

ಮೇಡಂ, ಏನಾದರೂ ಮಾಡಿ, ಸಂಜೆ ನಾಲ್ಕರ ಮೇಲೆ ಮಾತ್ರ ಮಾಡಬೇಡಿ. ಬೆಂಗಳೂರಿನಿಂದ ದಿನಾ ಓಡಾಡುವವರ ಶಾಪ ತಟ್ಟುತ್ತದೆ. ನಾನೂ ಅದೇ ಜಾತಿ.

ಇನ್ನೊಂದು. ಸರ್ಟಿಫಿಕೇಟನ್ನು ಅಷ್ಟೊಂದು ಹೀಗಳೆಯಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರು ವೇತನದ ಲೆವೆಲ್ 10ರಿಂದ 11ಕ್ಕೆ ಹೋಗಬೇಕಾದರೆ 21 ದಿನದ ಓರಿಯೆಂಟೇಶನ್ ತರಬೇತಿ ಬೇಕು. ಜೊತೆಗೆ ತಮ್ಮ ವಿಷಯದ ಒಂದು ರಿಫ್ರೆಶರೋ, ಸ್ವಯಂ ಅನ್ನುವ ಸರ್ಕಾರದ ಆನ್‌ಲೈನ್ ತಾಣದಲ್ಲಿ ಒಂದು ಕೋರ್ಸೋ ಆಗಬೇಕು. ಪಿಎಚ್‌ಡಿ ಇದ್ದವರಿಗೆ 4 ವರ್ಷದ ಸೇವೆ, ಎಂ.ಫಿಲ್ ಇದ್ದವರಿಗೆ 5, ಎರಡೂ ಇಲ್ಲದವರಿಗೆ 6. ಓರಿಯೆಂಟೇಶನ್‌ಗೆ ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಗೆ ಹೋಗುವ ಅನುಮತಿ, ಸಿಗದೆ ನನ್ನ ಬಡ್ತಿ ಎರಡು ವರ್ಷ ತಡವಾಯಿತು. ಆ ಕಾಗದದ ಬೆಲೆ ನನ್ನ ಸಂಬಳದ ಚೀಟಿಗೆ ಗೊತ್ತು.

ಪಾಠ ಸುಧಾರಿಸಿತಾ ಅಂದರೆ, ಅದು ಬೇರೆ ಪ್ರಶ್ನೆ.


ನಿವೃತ್ತ ಸೀಮೆಸುಣ್ಣ
ಮಂಗಳವಾರ, ಬೆಳಿಗ್ಗೆ 6:15

ಅಮ್ಮಾ, ನಾನು ಗೌರಿಬಿದನೂರು ಕಡೆಯವನು. 31 ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದೆ. ನಿಮ್ಮ ಕುಕ್ಕರು ಕಥೆ ಓದಿ ನಕ್ಕೆ. ಆದರೆ ತರಬೇತಿಯನ್ನೇ ನಗೆಪಾಟಲು ಮಾಡಿದರೆ ನನಗೆ ಒಪ್ಪಿಗೆ ಇಲ್ಲ.

ಸ್ವಲ್ಪ ಹಳೇ ಕಥೆ ಹೇಳುತ್ತೇನೆ, ತಾಳ್ಮೆ ಇರಲಿ. ಕಾಲೇಜು ಮೇಷ್ಟ್ರುಗಳಿಗೆ ರಿಫ್ರೆಶರ್ ಬೇಕು ಅಂತ 1948-49ರ ರಾಧಾಕೃಷ್ಣನ್ ಆಯೋಗವೇ ಹೇಳಿತ್ತು. ಅದಕ್ಕೊಂದು ಕಾಯಂ ಜಾಗ ಅಂತ ಆಗಲು 1986ರ ಶಿಕ್ಷಣ ನೀತಿಯೇ ಬರಬೇಕಾಯಿತು. 1987ರಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳು ಶುರುವಾದವು. ಆಮೇಲೆ 2015ರಲ್ಲಿ ಎಚ್‌ಆರ್‌ಡಿಸಿ ಅಂತ ಹೆಸರಾಯಿತು, 2023ರಲ್ಲಿ ಮಾಳವೀಯ ಮಿಷನ್ ಕೇಂದ್ರ. ಬೋರ್ಡು ಬರೆಯುವವನಿಗೆ ಮಾತ್ರ ಒಳ್ಳೆ ಸಂಪಾದನೆ!

ನಾನು ಓರಿಯೆಂಟೇಶನ್‌ಗೆ ಹೋಗಿದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆಗ ನಾಲ್ಕು ವಾರ. ಹಾಸ್ಟೆಲ್‌ನಲ್ಲೇ ಇರಬೇಕು. ಹಗಲು ಭಾಷಣ, ಅರ್ಧ ನಿದ್ದೆ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂರುತ್ತಿದ್ದೆವು. ಬೀದರ್ ಕಡೆಯ ಒಬ್ಬ ಕೆಮಿಸ್ಟ್ರಿ ಮೇಷ್ಟ್ರು ಇದ್ದರು. ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಹೇಗೆ ಹೇಳಿಕೊಡುತ್ತೀರಿ ಅಂತ ಕೇಳಿದರು. ನಾನು ಸೂತ್ರದಿಂದ ಶುರು ಮಾಡುತ್ತೇನೆ ಅಂದೆ. ಅವರು ಏನೂ ಹೇಳದೆ ನನ್ನ ಬೀಡಿ ಕಟ್ಟು ಬಿಚ್ಚಿ ನೆಲದ ಮೇಲೆ ಚೆಲ್ಲಿದರು. "ಈಗ ಮೊದಲಿನ ಥರ ಜೋಡಿಸಿ ನೋಡೋಣ" ಅಂದರು. ಆವತ್ತಿನಿಂದ ಎಂಟ್ರೊಪಿ ಪಾಠವನ್ನು ನಾನು ಸೂತ್ರದಿಂದ ಶುರು ಮಾಡಿಲ್ಲ. ಬೀಡಿ ಆಮೇಲೆ ಬಿಟ್ಟೆ. ಕ್ಲಾಸಿಗೆ ಬೆಂಕಿಪೊಟ್ಟಣ ಒಯ್ಯುತ್ತಿದ್ದೆ.

ಬೆಂಗಳೂರು ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ನಮ್ಮ ಗೌರಿಬಿದನೂರು ಕಡೆಯ ಹೊಸೂರಿನವರು. ಅವರು 1962ರಲ್ಲಿ ಶುರು ಮಾಡಿದ ಬೆಂಗಳೂರು ಸೈನ್ಸ್ ಫೋರಂ ಭಾಷಣಗಳಿಗೆ ಬಸ್ಸು ಹತ್ತಿ ಹೋಗುತ್ತಿದ್ದೆವು. ಒಂದು ಭಾಷಣ ಕೇಳಿ ಬಂದರೆ ಒಂದು ತಿಂಗಳ ಪಾಠಕ್ಕೆ ಸಾಮಾನು ಸಿಗುತ್ತಿತ್ತು. ನಮಗೆ ಯಾರೂ ಸರ್ಟಿಫಿಕೇಟು ಕೊಡಲಿಲ್ಲ, ನಾವೂ ಕೇಳಲಿಲ್ಲ. ಮೊದಲು ವಿಷಯದ ಹಸಿವು ಇರಬೇಕು. ಪಾಠದ ಚಮತ್ಕಾರ ಆಮೇಲೆ.


ಹದಿನೈದು ಗಂಟೆ
ಮಂಗಳವಾರ, ಮಧ್ಯಾಹ್ನ 1:20

ಸರ್, ನಿಮ್ಮ ಬೀಡಿ ಕಥೆ ಚೆನ್ನಾಗಿದೆ. ನಾಲ್ಕು ವಾರ ಸಂಬಳ ಬರುತ್ತಿತ್ತು, ಹಾಸ್ಟೆಲ್ ಇತ್ತು. ನಮ್ಮ ಕಥೆ ಕೇಳಿ.

ನಾನು ಅತಿಥಿ ಉಪನ್ಯಾಸಕ. ಕನ್ನಡ. 11ನೇ ವರ್ಷ ಇದು. 11 ವರ್ಷ ಯಾರ ಮನೆಯಲ್ಲಿ ಅತಿಥಿ ಇರುತ್ತಾರೆ ಹೇಳಿ? ವಾರಕ್ಕೆ 15 ಗಂಟೆ ಪಾಠ, ರಜೆಯಲ್ಲಿ ಗೌರವಧನ ಇಲ್ಲ. ಈ 11 ವರ್ಷದಲ್ಲಿ ಕಾಲೇಜು ನನ್ನನ್ನು ಒಂದೇ ಒಂದು ತರಬೇತಿಗೂ ಕಳಿಸಿಲ್ಲ. ಕೇಳಿದರೆ "ನೀವು ಮುಂದಿನ ವರ್ಷ ಇರುತ್ತೀರೋ ಇಲ್ಲವೋ" ಅನ್ನುತ್ತಾರೆ. ಹಾಗಾದರೆ ಈ ವರ್ಷ ನನ್ನ ಮುಂದೆ ಕೂತಿರುವ 70 ಹುಡುಗರು?

2021ರಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿ, ರಾಜ್ಯದಲ್ಲಿ ಜಾರಿಗೆ ಬಂತು. ಡಿಜಿಟಲ್ ಫ್ಲೂಯೆನ್ಸಿ ಅಂತ ಹೊಸ ಪೇಪರು. ಯಾರೂ ತಗೊಳ್ಳಲಿಲ್ಲ. ಕೊನೆಗೆ ನನಗೆ ಬಂತು. ಹಳೆಗನ್ನಡ ಪಾಠ ಮಾಡುವವನು ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಹೇಳಿಕೊಡಬೇಕು. ರಾತ್ರಿ ಯೂಟ್ಯೂಬ್ ನೋಡಿ ಬೆಳಿಗ್ಗೆ ಪಾಠ ಮಾಡಿದೆ. ಮೂರು ವರ್ಷದಲ್ಲಿ ಹೇಗೋ ಒಂದು ಹಿಡಿತ ಬಂತು. ಅಷ್ಟೊತ್ತಿಗೆ 2024ರಲ್ಲಿ ರಾಜ್ಯ ಮತ್ತೆ ಹಳೇ ಮೂರು ವರ್ಷದ ಡಿಗ್ರಿಗೆ ಹೋಯಿತು, ಪಠ್ಯಕ್ರಮ ಮತ್ತೆ ಬದಲಾಯಿತು.

ಮೇಡಂ, ನಿಮ್ಮಲ್ಲಿ 23ರಲ್ಲಿ 15 ಜನ ನಮ್ಮವರು. ಆ 15 ಜನರನ್ನು ಬಿಟ್ಟು ಏನು ಮಾಡಿದರೂ ಅದು ಫೈಲಿಗೆ ಮಾತ್ರ.


ಲೇಥ್ ಮೇಷ್ಟ್ರು
ಮಂಗಳವಾರ, ರಾತ್ರಿ 8:50

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದೇನೆ. ನಮ್ಮ ಕಡೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಲೆಕ್ಕ. ಅಟಲ್ ಅಕಾಡೆಮಿ ಎಫ್‌ಡಿಪಿಗಳು, ಹೊಸಬರಿಗೆ ಎನ್‌ಐಟಿಟಿಟಿ ಅಂತ ಎಂಟು ಮಾಡ್ಯೂಲಿನ ಆನ್‌ಲೈನ್ ಕೋರ್ಸು. ಅದರಲ್ಲಿ ಕೆಲವು ಮಾಡ್ಯೂಲು ಚೆನ್ನಾಗಿವೆ, ಸುಳ್ಳು ಹೇಳಬಾರದು.

ಒಂದು ವಿಚಿತ್ರ ಗಮನಿಸಿದ್ದೀರಾ? ಪ್ರೈಮರಿ ಶಾಲೆ ಮೇಷ್ಟ್ರಿಗೆ ಡಿ.ಎಡ್ ಬೇಕು, ಟಿಇಟಿ ಅರ್ಹತಾ ಪರೀಕ್ಷೆ ಬೇಕು. ಹೈಸ್ಕೂಲಿಗೆ ಬಿ.ಎಡ್. ಪಿಯು ಉಪನ್ಯಾಸಕರಿಗೂ ಬಿ.ಎಡ್. ಡಿಗ್ರಿ ಕಾಲೇಜಿಗೆ ಬಂದರೆ ಎನ್‌ಇಟಿ, ಕೆಸೆಟ್ ಅನ್ನುವ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ ಸಾಕು. ಪಾಠ ಹೇಗೆ ಮಾಡಬೇಕು ಅಂತ ಯಾರೂ ಕೇಳುವುದಿಲ್ಲ. ಮೊದಲ ದಿನ ಹಾಜರಿ ಪುಸ್ತಕ, ಒಂದು ಡಸ್ಟರ್ ಕೈಗೆ ಕೊಟ್ಟು ರೂಮು ತೋರಿಸುತ್ತಾರೆ. ನಮಗೆ ಪಾಠ ಮಾಡಿದವರು ಹೇಗೆ ಮಾಡಿದ್ದರೋ ನಾವೂ ಹಾಗೇ ಮಾಡುತ್ತೇವೆ.

ವರ್ಕ್‌ಶಾಪಿನಲ್ಲಿ ಭಾಷಣ ಕೇಳಿ ಯಾರೂ ಲೇಥ್ ಕಲಿತಿಲ್ಲ. ಪಕ್ಕದಲ್ಲಿ ಒಬ್ಬರು ನಿಂತು, ಟೂಲ್ ಎತ್ತರ ಸ್ವಲ್ಪ ಇಳಿಸು, ಫೀಡ್ ನಿಧಾನ ಅಂತ ಹೇಳಬೇಕು. ಪಾಠವೂ ಹಾಗೇ. ಅಮೆರಿಕದಲ್ಲಿ ಜಾಯ್ಸ್ ಮತ್ತು ಶವರ್ಸ್ ಅನ್ನುವ ಇಬ್ಬರು 1980ರ ಸುಮಾರಿಗೆ ಶಾಲಾ ಶಿಕ್ಷಕರ ತರಬೇತಿಯನ್ನೇ ಅಧ್ಯಯನ ಮಾಡಿದರು. ತರಬೇತಿಯಲ್ಲಿ ಕೇಳಿದ್ದು, ನೋಡಿದ್ದು, ಅಲ್ಲೇ ಒಂದು ಸಲ ಮಾಡಿದ್ದು, ಇಷ್ಟರಿಂದ ವಿದ್ಯೆ ಕ್ಲಾಸಿನ ಬಾಗಿಲು ದಾಟುವುದು ಕಡಿಮೆ. ವಾಪಸ್ ಬಂದ ಮೇಲೆ ಸಹೋದ್ಯೋಗಿ ಒಬ್ಬರು ಜೊತೆಗಿದ್ದು ಮತ್ತೆ ಮತ್ತೆ ನೋಡಿ ಹೇಳಿದರೆ ದಾಟುತ್ತದೆ. ಇದನ್ನೇ ಅವರು ಕೋಚಿಂಗ್ ಅಂದರು. ನಮ್ಮಲ್ಲಿ ಕೋಚಿಂಗ್ ಅಂದರೆ ಕೆಎಎಸ್ ಸೆಂಟರ್ ನೆನಪಾಗುತ್ತದೆ, ಅದಲ್ಲ.

ದುಡ್ಡು ಬೇಡ. ಇಬ್ಬಿಬ್ಬರ ಜೋಡಿ ಮಾಡಿ. ಒಬ್ಬರ ಕ್ಲಾಸಿನಲ್ಲಿ ಇನ್ನೊಬ್ಬರು ಹಿಂದೆ ಕೂರಲಿ.


ಬಂಗಾರಪೇಟೆ ಪಾನಿಪುರಿ
ಮಂಗಳವಾರ, ರಾತ್ರಿ 9:30

ಮೇಷ್ಟ್ರೇ, ನಿಲ್ಲಿ ನಿಲ್ಲಿ. ಹಿಂದೆ ಕೂರುವುದು ಅಂದ ತಕ್ಷಣ ನನಗೆ ಬಿಪಿ ಏರುತ್ತದೆ.

ಹಿಂದೆ ಕೋಲಾರ ಕಡೆ ಒಂದು ಖಾಸಗಿ ಕಾಲೇಜಿನಲ್ಲಿದ್ದೆ. ಅರ್ಥಶಾಸ್ತ್ರ. ಅಲ್ಲೂ ಇದೇ ಹೆಸರಿನಲ್ಲಿ ಶುರು ಮಾಡಿದರು. "ಸ್ನೇಹದಿಂದ ನೋಡುತ್ತೇವೆ" ಅಂದರು. ಆಡಳಿತದವರು ಹತ್ತು ಅಂಕದ ಫಾರ್ಮು ಹಿಡಿದು ಬಂದು ಕೂತರು. ಧ್ವನಿ, ಬೋರ್ಡು ಬರಹ, ಉಡುಪು, ಎಲ್ಲಕ್ಕೂ ಅಂಕ. ಉಡುಪಿಗೆ ನನಗೆ 6 ಬಂತು. ಇವತ್ತಿಗೂ ಯಾಕೆ ಅಂತ ಗೊತ್ತಿಲ್ಲ. ಆ ವರ್ಷ ಇಂಕ್ರಿಮೆಂಟ್ ತಡೆಯಲು ಅದೇ ಫಾರ್ಮು ತೋರಿಸಿದರು.

ಹಾಗಾಗಿ ಮೇಡಂ, ಮಾಡುವುದಾದರೆ ಮೊದಲೇ ಗಟ್ಟಿ ಮಾಡಿಕೊಳ್ಳಿ. ಇಷ್ಟ ಇದ್ದವರು ಮಾತ್ರ. ಅಂಕ ಇಲ್ಲ. ಬರೆದ ಹಾಳೆ ಪಾಠ ಮಾಡಿದವರ ಕೈಗೇ ಹೋಗಬೇಕು, ನಕಲು ಎಲ್ಲೂ ಉಳಿಯಬಾರದು. ಪ್ರಿನ್ಸಿಪಾಲರು ಕೇಳಿದರೂ ಕೊಡಬಾರದು. ಇದಕ್ಕೆ ಒಪ್ಪದಿದ್ದರೆ ಸುಮ್ನೆ ಟೀ ಕುಡಿದು ಮನೆಗೆ ಹೋಗಿ.


ಪುಶ್‌ಪುಲ್ ಪ್ರಯಾಣಿಕ
ಮಂಗಳವಾರ, ರಾತ್ರಿ 9:48

ನನ್ನ ಕ್ಲಾಸಿನಲ್ಲಿ ನಾನು ಯಾರನ್ನೂ ಕೂರಿಸುವುದಿಲ್ಲ. ಈಗಲೇ ಹೇಳಿಬಿಡುತ್ತೇನೆ. 18 ವರ್ಷ ಪಾಠ ಮಾಡಿದ್ದೇನೆ.


ಕೊನೇ ಬೆಂಚು
ಬುಧವಾರ, ಬೆಳಿಗ್ಗೆ 7:10

ನಾನು ಮೇಷ್ಟ್ರಲ್ಲ. ಪಾವಗಡ ಕಡೆಯವನು. ತುಮಕೂರಿನಲ್ಲಿ ಬಿ.ಕಾಂ ಮಾಡಿ ಈಗ ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯ ಸ್ಟೋರ್ಸ್‌ನಲ್ಲಿದ್ದೇನೆ. ಮಾತಾಡಬಹುದಾ?

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮೊದಲ ಸೆಮಿಸ್ಟರ್ ಪೂರ್ತಿ ನನಗೆ ಏನೂ ತಲೆಗೆ ಹೋಗಲಿಲ್ಲ. ಮೇಷ್ಟ್ರು "ಅರ್ಥ ಆಯ್ತಾ?" ಅನ್ನುತ್ತಿದ್ದರು. ಎಲ್ಲರೂ "ಆಯ್ತು ಸರ್" ಅನ್ನುತ್ತಿದ್ದೆವು. ಆಗಿಲ್ಲ ಅಂದರೆ ಎದ್ದು ನಿಂತು ಏನು ಆಗಿಲ್ಲ ಅಂತ ಹೇಳಬೇಕಲ್ಲ. ಅದನ್ನು ಹೇಳಲು ಇಂಗ್ಲಿಷ್ ಬೇಕು.

ಒಬ್ಬ ಮೇಡಂ ಮಾತ್ರ ಕ್ಲಾಸು ಮುಗಿಯುವಾಗ ಚಿಕ್ಕ ಚೀಟಿ ಕೊಡುತ್ತಿದ್ದರು. ಇವತ್ತು ತಿಳಿದಿದ್ದು ಒಂದು, ತಿಳಿಯದ್ದು ಒಂದು ಬರೆಯಿರಿ, ಹೆಸರು ಬೇಡ, ಯಾವ ಭಾಷೆಯಾದರೂ ಸರಿ. ನಾನು ಕನ್ನಡ ಅಕ್ಷರದಲ್ಲಿ ತೆಲುಗು ಬರೆದಿದ್ದೆ. ಮಾರನೇ ದಿನ ಅವರು ನನ್ನ ಪ್ರಶ್ನೆಯಿಂದಲೇ ಪಾಠ ಶುರು ಮಾಡಿದರು. ಇವತ್ತು ಸ್ಟಾಕ್ ಲೆಡ್ಜರ್ ನೋಡುವಾಗ ಅವರೇ ನೆನಪಾಗುತ್ತಾರೆ.

ಇದಕ್ಕೂ ತರಬೇತಿ ಇರುತ್ತಾ?


ಲೇಥ್ ಮೇಷ್ಟ್ರು
ಬುಧವಾರ, ಬೆಳಿಗ್ಗೆ 8:30

ಇರುತ್ತದೆ ತಮ್ಮಾ. ಅದಕ್ಕೆ ಮಿನಿಟ್ ಪೇಪರ್ ಅಂತ ಹೆಸರೂ ಇದೆ. ನಿಮ್ಮ ಮೇಡಂಗೆ ಆ ಹೆಸರು ಗೊತ್ತಿತ್ತೋ ಇಲ್ಲವೋ, ಕೆಲಸ ಗೊತ್ತಿತ್ತು.

"ಅರ್ಥ ಆಯ್ತಾ" ವಿಷಯಕ್ಕೆ ಇನ್ನೊಂದು ಸೇರಿಸುತ್ತೇನೆ. ಮೇರಿ ಬಡ್ ರೋ ಅನ್ನುವವರು 1970ರ ದಶಕದಲ್ಲಿ ವಿಜ್ಞಾನದ ಕ್ಲಾಸುಗಳ ಟೇಪ್ ಕೇಳಿ ಲೆಕ್ಕ ಹಾಕಿದರು. ಮೇಷ್ಟ್ರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು. ಆಮೇಲೆ ತಾವೇ ಉತ್ತರ ಹೇಳಿಬಿಡುತ್ತಾರೆ, ಇಲ್ಲವೇ ಬೇರೆಯವರನ್ನು ಎಬ್ಬಿಸುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಹಿಂದೆ ಕೂತವರು ಇದೊಂದನ್ನೇ ಎಣಿಸಿದರೂ ಸಾಕು.

ಮೇಡಂಗೆ ವಿಧಾನ ಹೇಳುತ್ತೇನೆ. ಕ್ಲಾಸಿಗೆ ಮೊದಲು ಐದು ನಿಮಿಷ ಕೂತು, ಪಾಠ ಮಾಡುವವರೇ ಹೇಳಬೇಕು, "ನನ್ನಲ್ಲಿ ಇದನ್ನು ನೋಡಿ" ಅಂತ. ನೋಡುವವರು ಅಷ್ಟನ್ನೇ ನೋಡಬೇಕು. ಅಭಿಪ್ರಾಯ ಬರೆಯುವಂತಿಲ್ಲ. ಕಂಡಿದ್ದು, ಕೇಳಿದ್ದು, ಎಣಿಸಿದ್ದು ಬರೆಯಬೇಕು. "ಚೆನ್ನಾಗಿತ್ತು" ಅಂತ ಬರೆದರೆ ಹರಿದು ಹಾಕಿ, ಅದರಿಂದ ಯಾರಿಗೂ ಲಾಭ ಇಲ್ಲ. ಅವತ್ತೇ ಟೀ ಕುಡಿಯುತ್ತ ಮಾತಾಡಬೇಕು, ನಾಳೆಗೆ ಬಿಡಬಾರದು. ಮೊದಲು ಪಾಠ ಮಾಡಿದವರೇ ಮಾತಾಡಲಿ.

ಜೋಡಿಯಲ್ಲಿ ಇಬ್ಬರದ್ದೂ ಬೇರೆ ವಿಷಯ ಇರಲಿ. ಒಂದೇ ವಿಷಯ ಆದರೆ ವಾದ ಪಾಠದಿಂದ ಸಿಲಬಸ್‌ಗೆ ಜಾರುತ್ತದೆ.


ನಿವೃತ್ತ ಸೀಮೆಸುಣ್ಣ
ಬುಧವಾರ, ಬೆಳಿಗ್ಗೆ 9:05

ಬೇರೆ ವಿಷಯದವರು ಕೂತರೆ ತಪ್ಪು ಹೇಳಿದರೂ ಗೊತ್ತಾಗುವುದಿಲ್ಲವಲ್ಲ ಮೇಷ್ಟ್ರೇ? ನಾನು ಹತ್ತು ವರ್ಷ ಒಂದು ಚಿಹ್ನೆ ತಪ್ಪು ಬರೆದಿದ್ದೆ, ತೋರಿಸಿದ್ದು ನಮ್ಮ ವಿಭಾಗದವರೇ.


ಲೇಥ್ ಮೇಷ್ಟ್ರು
ಬುಧವಾರ, ಬೆಳಿಗ್ಗೆ 9:20

ಒಪ್ಪಿದೆ ಸರ್. ಅದಕ್ಕೆ ರಿಫ್ರೆಶರ್ ಇರಲಿ. ಇದು ಬೇರೆ ಕಾಯಿಲೆಗೆ ಬೇರೆ ಮಾತ್ರೆ.


ವೇದಿಕೆ ನೋಡಿಕೊಳ್ಳುವವರು
ಬುಧವಾರ, ರಾತ್ರಿ 11:00

ಕಾಯಂನವರು, ಅತಿಥಿಗಳು ಅಂತ ಮಧ್ಯದಲ್ಲಿ ನಡೆದ ಜಗಳದ ಏಳು ಕಾಮೆಂಟು ತೆಗೆದಿದ್ದೇನೆ. ಸಂಬಳದ ಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಹೋಗಿ.


ಡಸ್ಟರ್ ಮೇಡಂ
ಎರಡು ವಾರದ ನಂತರ, ಶನಿವಾರ, ಸಂಜೆ 5:30

ಮಾಡಿದೆವು! ಸ್ಟಾಫ್ ರೂಮಿನಲ್ಲಿ ಹೇಳಿದಾಗ ಮೊದಲು ಯಾರೂ ಕೈ ಎತ್ತಲಿಲ್ಲ. ನಾನೇ ಮೊದಲು ನನ್ನ ಕ್ಲಾಸಿಗೆ ಬನ್ನಿ ಅಂದೆ. ನಮ್ಮ ಕನ್ನಡದ ಅತಿಥಿ ಉಪನ್ಯಾಸಕರೊಬ್ಬರು ಒಪ್ಪಿದರು. ಇಲ್ಲಿನ ಹದಿನೈದು ಗಂಟೆಯವರಲ್ಲ, ಬೇರೆಯವರು.

ಐದನೇ ಸೆಮಿಸ್ಟರ್, ಕಾಸ್ಟಿಂಗ್ (ವೆಚ್ಚದ ಲೆಕ್ಕ). ಬ್ರೇಕ್ ಈವನ್ ಪಾಯಿಂಟ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತದ ಪಾಠ. ನನ್ನಲ್ಲಿ ಪ್ರಶ್ನೆ ಕೇಳುವುದನ್ನು ನೋಡಿ ಅಂತ ಹೇಳಿದ್ದೆ. ನನಗೆ ಒಳಗೊಳಗೇ ಹೆಮ್ಮೆ ಇತ್ತು, ನಾನು ಜಾಸ್ತಿ ಪ್ರಶ್ನೆ ಕೇಳುವವಳು ಅಂತ.

ಟೀ ಕುಡಿಯುತ್ತ ಅವರು ಹಾಳೆ ಕೊಟ್ಟರು. 50 ನಿಮಿಷದಲ್ಲಿ "ಅರ್ಥ ಆಯ್ತಾ?" 23 ಸಲ. ಬೇರೆ ಪ್ರಶ್ನೆ 9. ಆ 9ರಲ್ಲಿ 7ಕ್ಕೆ ನಾನೇ ಉತ್ತರ ಹೇಳಿದ್ದೇನೆ. ಉಳಿದ ಎರಡಕ್ಕೂ ಮೊದಲ ಬೆಂಚಿನ ಅದೇ ಹುಡುಗಿ. ನನಗೆ ಟೀ ಗಂಟಲಲ್ಲಿ ಇಳಿಯಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು, "ಮೇಡಂ, ಕಾಂಟ್ರಿಬ್ಯೂಷನ್ ಅಂದರೆ ಏನು? ಯಾರು ಯಾರಿಗೆ ಕೊಡುವುದು? ದೇವಸ್ಥಾನದ ವಂತಿಗೆ ಥರಾನಾ?" ನಾನು ನಕ್ಕೆ. ಆಮೇಲೆ ನಗು ನಿಂತಿತು. ಎಂ.ಎ. ಓದಿದವರಿಗೆ ಹಾಗೆ ಅನ್ನಿಸಿದರೆ ಹುಡುಗರಿಗೆ ಏನನ್ನಿಸಿರಬೇಕು?

ಅಲ್ಲೇ ಟೀ ಅಂಗಡಿಯ ಪಕ್ಕ ತಟ್ಟೆ ಇಡ್ಲಿ ಗಾಡಿ ಇತ್ತು. ಹಾಳೆಯ ಹಿಂದೆ ಬರೆದೆ. ಗಾಡಿಗೆ ದಿನದ ಬಾಡಿಗೆ 300 ರೂಪಾಯಿ, ಇಡ್ಲಿ ಮಾರಿದರೂ ಮಾರದಿದ್ದರೂ ಕೊಡಲೇಬೇಕು. ಒಂದು ತಟ್ಟೆ 20 ರೂಪಾಯಿ. ಅಕ್ಕಿ, ಉದ್ದು, ಗ್ಯಾಸ್, ಚಟ್ನಿ ಸೇರಿ 8. ಉಳಿಯುವ 12 ಮೊದಲು ಬಾಡಿಗೆಯ ಕಡೆಗೆ ಹೋಗುತ್ತದೆ. ಅದೇ ಕಾಂಟ್ರಿಬ್ಯೂಷನ್. 300ನ್ನು 12ರಿಂದ ಭಾಗಿಸಿದರೆ 25. ಇಪ್ಪತ್ತೈದನೇ ತಟ್ಟೆಗೆ ಬಾಡಿಗೆ ತೀರಿತು. ಇಪ್ಪತ್ತಾರನೆಯದರಿಂದ ಅವನ ಜೇಬಿಗೆ. "ಹೀಗೆ ಹೇಳಬಹುದಿತ್ತಲ್ಲ ಮೇಡಂ" ಅಂದರು.

ಮಾರನೇ ದಿನ ಹಾಗೇ ಹೇಳಿದೆ. ಚಟ್ನಿ ಜಾಸ್ತಿ ಕೇಳುವವರ ಲೆಕ್ಕ ಎಲ್ಲಿ ಬರುತ್ತದೆ ಅಂತ ಕೊನೇ ಸಾಲಿನಿಂದ ಪ್ರಶ್ನೆ ಬಂತು. ಆ ಹುಡುಗನ ಧ್ವನಿ ನಾನು ಕೇಳಿದ್ದು ಅದೇ ಮೊದಲು.

ಈಗ ತೊಂದರೆ ಏನೆಂದರೆ, ಮೂರು ಜೋಡಿ ಆದ ಮೇಲೆ ಮೇಲಿನಿಂದ ಹಾಳೆಗಳನ್ನು ಕೇಳುತ್ತಿದ್ದಾರೆ. ನ್ಯಾಕ್ ಫೈಲಿಗೆ ಪುರಾವೆ ಬೇಕಂತೆ. ಕೆಟ್ಟ ಉದ್ದೇಶ ಇಲ್ಲ ಅಂತ ನನಗೆ ಗೊತ್ತು. ಆದರೂ ಏನು ಮಾಡಲಿ?


ಹದಿನೈದು ಗಂಟೆ
ಶನಿವಾರ, ಸಂಜೆ 6:10

ಕೊಡಬೇಡಿ ಮೇಡಂ. ನಿಮಗೆ ಅದು 23 ಸಲದ ತಮಾಷೆ. ನಮ್ಮವರ ಹಾಳೆ ಅಲ್ಲಿ ಹೋದರೆ ಮುಂದಿನ ವರ್ಷದ ಅತಿಥಿ ನೇಮಕದ ಕೌನ್ಸೆಲಿಂಗ್ ಹೊತ್ತಿಗೆ ಯಾರ ಬಾಯಲ್ಲಿ ಏನಾಗುತ್ತದೋ. ಉದ್ದೇಶ ಒಳ್ಳೆಯದೇ ಇರಬಹುದು. ಈಗಿನವರು ವರ್ಗ ಆಗಿ ಹೋದ ಮೇಲೂ ಫೈಲು ಅಲ್ಲೇ ಇರುತ್ತದೆ.


ಬಂಗಾರಪೇಟೆ ಪಾನಿಪುರಿ
ಶನಿವಾರ, ಸಂಜೆ 6:40

ನಾನು ಹೇಳಿರಲಿಲ್ಲವಾ?

ದಾರಿ ಇದೆ. ಒಂದು ರಿಜಿಸ್ಟರ್ ಮಾಡಿ. ದಿನಾಂಕ, ಯಾರ ಕ್ಲಾಸಿಗೆ ಯಾರು ಹೋದರು, ಇಬ್ಬರ ಸಹಿ. ಅಷ್ಟೇ. ಆಮೇಲೆ ಸೆಮಿಸ್ಟರ್ ಕೊನೆಗೆ ಎಲ್ಲರೂ ಸೇರಿ, ಏನೇನು ಬದಲಾಯಿಸಿದೆವು ಅಂತ ಒಂದು ಪುಟ, ಹೆಸರಿಲ್ಲದೆ ಬರೆಯಿರಿ. ನೋಡಲು ಬಂದವರಿಗೆ ಅಂಕದ ಫಾರ್ಮಿಗಿಂತ ಇದು ಚೆನ್ನಾಗಿಯೇ ಕಾಣುತ್ತದೆ. ಹಾಳೆಗಳು ಎಲ್ಲಿ ಅಂದರೆ, ಇಡ್ಲಿ ಲೆಕ್ಕ ಬರೆದು ಬಿಸಾಕಿದೆವು ಅನ್ನಿ.


ಲೇಥ್ ಮೇಷ್ಟ್ರು
ಭಾನುವಾರ, ಬೆಳಿಗ್ಗೆ 10:15

ಮೇಡಂ, ಇಡ್ಲಿ ಲೆಕ್ಕ ನಮ್ಮ ಮೂರನೇ ವರ್ಷದವರಿಗೂ ಹೇಳಿದೆ, ಎಂಜಿನಿಯರಿಂಗ್ ಎಕನಾಮಿಕ್ಸ್‌ನಲ್ಲಿ. ಕ್ಯಾತಸಂದ್ರದ ಹುಡುಗನೊಬ್ಬ ಎದ್ದು 8 ರೂಪಾಯಿಗೆ ತುಪ್ಪ ಬರಲ್ಲ ಸರ್ ಅಂದ.

ಇನ್ನೊಂದು ಪ್ರಯೋಗ ಮಾಡಿ ನೋಡಿ. ಸೆಮಿಸ್ಟರ್ ನಡುವೆ ಒಂದು ದಿನ, ಕೊನೇ 20 ನಿಮಿಷ ನೀವು ಹೊರಗೆ ಹೋಗಿ. ನಿಮ್ಮ ಜೋಡಿ ಒಳಗೆ ಬರಲಿ. ಹುಡುಗರು ಐದೈದು ಜನ ಗುಂಪಾಗಿ ಎರಡು ಪ್ರಶ್ನೆಗೆ ಉತ್ತರ ಹುಡುಕಲಿ. ಈ ಕ್ಲಾಸಿನಲ್ಲಿ ಕಲಿಯಲು ಏನು ಸಹಾಯ ಆಗುತ್ತಿದೆ? ಏನು ಬದಲಾದರೆ ಇನ್ನೂ ಚೆನ್ನಾಗಿ ಕಲಿಯಬಹುದು? ಗುಂಪಿನಲ್ಲಿ ಒಪ್ಪಿಗೆಯಾದದ್ದನ್ನು ಮಾತ್ರ ಬರೆಯಬೇಕು. ಹಾಗಾಗಿ ಒಬ್ಬನ ಸಿಟ್ಟು ಹಾಳೆಗೆ ಬರುವುದಿಲ್ಲ. 1980ರ ದಶಕದಿಂದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಕಡೆಯಿಂದ ಬೆಳೆದ ಪದ್ಧತಿ ಇದು.

ಸೆಮಿಸ್ಟರ್ ಕೊನೆಗೆ ತುಂಬಿಸುವ ಫೀಡ್‌ಬ್ಯಾಕ್ ಫಾರ್ಮಿಗೂ ಇದಕ್ಕೂ ವ್ಯತ್ಯಾಸ ಇದೆ. ಆ ಫಾರ್ಮಿನಿಂದ ಈ ಹುಡುಗರಿಗೆ ಏನೂ ಸಿಗುವುದಿಲ್ಲ, ಅವರು ಆಗಲೇ ಹೋಗಿರುತ್ತಾರೆ. ಇದರಲ್ಲಿ ಮುಂದಿನ ವಾರವೇ ಬದಲಾಯಿಸಬಹುದು. ಒಂದು ಎಚ್ಚರ. ಕೇಳಿದ ಮೇಲೆ ವಾಪಸ್ ಬಂದು ಹೇಳಲೇಬೇಕು, ಇದನ್ನು ಮಾಡುತ್ತೇನೆ, ಇದು ನನ್ನ ಕೈಯಲ್ಲಿಲ್ಲ ಅಂತ. ಹೇಳದಿದ್ದರೆ ಇನ್ನೊಂದು ಸಲ ಬಾಯಿ ಬಿಡುವುದಿಲ್ಲ.


ಡಸ್ಟರ್ ಮೇಡಂ
ಮತ್ತೆ ಮೂರು ವಾರದ ನಂತರ, ಭಾನುವಾರ, ರಾತ್ರಿ 8:00

ಬಾಕಿ ಇದ್ದ ವರದಿ ಒಪ್ಪಿಸುತ್ತಿದ್ದೇನೆ.

ರಿಜಿಸ್ಟರ್ ಉಪಾಯ ನಡೆಯಿತು. ಪಾನಿಪುರಿಯವರಿಗೆ ಒಂದು ಪ್ಲೇಟು ನನ್ನ ಕಡೆಯಿಂದ. ಪ್ರಿನ್ಸಿಪಾಲರು ಸ್ವಲ್ಪ ಮುಖ ಗಂಟು ಹಾಕಿದರು, ಆಮೇಲೆ ಒಪ್ಪಿದರು. ಈಗ 23ರಲ್ಲಿ 12 ಜನ ಸೇರಿದ್ದೇವೆ. ಅದರಲ್ಲಿ 9 ಜನ ಅತಿಥಿಗಳು. ಕಾಯಂ 8ರಲ್ಲಿ ಬಂದಿದ್ದು 3. ಈ ಲೆಕ್ಕದಿಂದ ಏನು ತಿಳಿಯಬೇಕೋ ನೀವೇ ತಿಳಿಯಿರಿ.

ಎಲ್ಲ ಚೆನ್ನಾಗಿ ಆಯಿತು ಅಂತಲ್ಲ. ಒಂದು ಜೋಡಿ ಮೊದಲ ವಾರವೇ ಮುರಿಯಿತು. ಒಬ್ಬರು ಇನ್ನೊಬ್ಬರ ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಸ್ಟಾಫ್ ರೂಮಿನಲ್ಲಿ ಜೋಕ್ ಮಾಡಿದರಂತೆ. ಅಲ್ಲಿಗೆ ಮುಗಿಯಿತು. ಕ್ಷಮೆ ಕೇಳಿಸಿದೆ, ಪ್ರಯೋಜನವಾಗಲಿಲ್ಲ. ಇನ್ನೊಂದು ಜೋಡಿ ಒಬ್ಬರಿಗೊಬ್ಬರು "ತುಂಬಾ ಚೆನ್ನಾಗಿತ್ತು" ಅಂತಲೇ ಹೇಳಿಕೊಳ್ಳುತ್ತಿದೆ. ಟೀ ಮಾತ್ರ ಖರ್ಚು.

ಲೇಥ್ ಮೇಷ್ಟ್ರು ಹೇಳಿದ 20 ನಿಮಿಷ ಮಾಡಿಸಿದೆ. ವರಾಂಡದಲ್ಲಿ ನಿಂತಿದ್ದಾಗ ಎದೆ ಹೊಡೆದುಕೊಳ್ಳುತ್ತಿತ್ತು, ನಾನೇ ಪರೀಕ್ಷೆ ಬರೆದ ಹಾಗೆ. ನನ್ನ ಮಾತಿನ ವೇಗ, ಇಂಗ್ಲಿಷ್, ಇಂಥದ್ದೆಲ್ಲ ಬರುತ್ತದೆ ಅಂದುಕೊಂಡಿದ್ದೆ. ಬಂದಿದ್ದು ಬೇರೆ. ಎಂಟು ಗುಂಪಿನಲ್ಲಿ ಆರು ಗುಂಪು ಬರೆದಿದ್ದು ಒಂದೇ. ಬೋರ್ಡಿನ ಬಲ ಮೂಲೆ ಕಿಟಕಿ ಬೆಳಕಿಗೆ ಹೊಳೆಯುತ್ತದೆ, ಕಾಣುವುದಿಲ್ಲ. ಲೆಕ್ಕದ ಉತ್ತರ ನಾನು ಬರೆಯುವುದು ಯಾವಾಗಲೂ ಆ ಮೂಲೆಯಲ್ಲೇ! ಆರು ವರ್ಷದಿಂದ ಅದೇ ರೂಮು. ಒಂದು ಹಳೇ ಬೆಡ್‌ಶೀಟು ತಂದು ಪರದೆ ಕಟ್ಟಿದೆ.

ಎರಡನೆಯದು ಬಸ್ಸು. ಕೊನೇ ಪೀರಿಯಡ್ ಮುಗಿಯುವುದು 3:45ಕ್ಕೆ. ಎರಡು ಹೋಬಳಿ ಕಡೆಯ ಬಸ್ಸು 3:30ಕ್ಕೆ ಹೊರಡುತ್ತದೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ದೂರದ ಹುಡುಗಿಯರೂ ಕಾಲೇಜಿಗೆ ಬರುತ್ತಿದ್ದಾರೆ, ಬಸ್ಸಿನ ಹೊತ್ತು ಮಾತ್ರ ಅದೇ. ಅವರು 3:15ಕ್ಕೇ ಚೀಲ ಕಟ್ಟಿ ಕಿಟಕಿ ನೋಡುತ್ತ ಕೂರುತ್ತಾರೆ. ಇದನ್ನು ನಾನು ಇಷ್ಟು ದಿನ ಆಸಕ್ತಿ ಇಲ್ಲ ಅಂದುಕೊಂಡಿದ್ದೆ. ಡಿಪೋಗೆ ಅರ್ಜಿ ಕೊಟ್ಟಿದ್ದೇವೆ, ಉತ್ತರ ಬಂದಿಲ್ಲ. ಸದ್ಯಕ್ಕೆ ಲೆಕ್ಕದ ಕ್ಲಾಸನ್ನು ಬೆಳಿಗ್ಗೆಗೆ ಹಾಕಿಕೊಂಡೆ. ಬದಲಿಗೆ ಕೊನೇ ಪೀರಿಯಡ್ ಯಾರು ತಗೊಂಡರು ಗೊತ್ತಾ? ನನ್ನ ಹಾಳೆ ಬರೆದ ಅದೇ ಕನ್ನಡ ಸರ್. ಸಾಲ ಜಾಸ್ತಿಯಾಗುತ್ತಿದೆ.

"ಅರ್ಥ ಆಯ್ತಾ" ಈಗ 23ರಿಂದ 11ಕ್ಕೆ ಇಳಿದಿದೆ. ಪೂರ್ತಿ ಬಿಡಲು ಆಗುತ್ತಿಲ್ಲ. ಮನೆಯಲ್ಲೂ ಅನ್ನುತ್ತೇನಂತೆ.


ಪುಶ್‌ಪುಲ್ ಪ್ರಯಾಣಿಕ
ಭಾನುವಾರ, ರಾತ್ರಿ 9:25

ಹೇಳಬಾರದು ಅಂದುಕೊಂಡಿದ್ದೆ, ಹೇಳುತ್ತೇನೆ. ಹೋದ ಮಂಗಳವಾರ ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸಿದೆ. ಮೂರು ಸೆಕೆಂಡು ಅಷ್ಟು ಉದ್ದ ಇರುತ್ತದೆ ಅಂತ ಗೊತ್ತೇ ಇರಲಿಲ್ಲ. ಯಶವಂತಪುರದಲ್ಲಿ ಸಿಗ್ನಲ್‌ಗೆ ಕಾದ ಹಾಗಾಯಿತು. ಒಬ್ಬ ಹುಡುಗ ಎದ್ದು ನಿಂತ. ಉತ್ತರ ಬಂತು ಅಂದುಕೊಂಡೆ. "ಸರ್, ಹುಷಾರಿದ್ದೀರಾ?" ಅಂದ.

ನಾಲ್ಕನೇ ಸಲಕ್ಕೆ ಉತ್ತರ ಬಂತು, ಬಿಡಿ. ಆದರೂ ಹಿಂದೆ ಯಾರನ್ನೂ ಕೂರಿಸುವುದಿಲ್ಲ. ಸದ್ಯಕ್ಕೆ.


ನಿವೃತ್ತ ಸೀಮೆಸುಣ್ಣ
ಸೋಮವಾರ, ಬೆಳಿಗ್ಗೆ 6:00

ಅಮ್ಮಾ, ಆ ಮುರಿದುಹೋದ ಜೋಡಿಯಲ್ಲಿ ಒಬ್ಬರಿಗೆ ಜೊತೆ ಬೇಕಲ್ಲ? ನಾನು ಬಂದರೆ ಆಗುತ್ತದಾ? ಗೌರಿಬಿದನೂರಿನಿಂದ ಮಧುಗಿರಿಗೆ ಬಸ್ಸಿದೆ, ಅಲ್ಲಿಂದ ನಿಮ್ಮೂರು ಎಲ್ಲಿದ್ದರೂ ಹುಡುಕಿಕೊಳ್ಳುತ್ತೇನೆ. ನನಗೆ ಟಿಎ ಡಿಎ ಬೇಡ. ಭೌತಶಾಸ್ತ್ರದ ಕ್ಲಾಸು ಆದರೆ ಖುಷಿ.


ಡಸ್ಟರ್ ಮೇಡಂ
ಸೋಮವಾರ, ಬೆಳಿಗ್ಗೆ 7:45

ಸರ್, ನಮ್ಮಲ್ಲಿ ಬಿಎಸ್ಸಿ ಇಲ್ಲ. ಬಿಎ, ಬಿಕಾಂ ಎರಡೇ. ಕಾಸ್ಟಿಂಗ್ ಆಗುತ್ತದಾ?


ನಿವೃತ್ತ ಸೀಮೆಸುಣ್ಣ
ಸೋಮವಾರ, ಬೆಳಿಗ್ಗೆ 7:50

ಆಗುತ್ತದೆ. ಇಡ್ಲಿ ಲೆಕ್ಕ ಆಗಲೇ ಎರಡು ಸಲ ಓದಿದ್ದೇನೆ. ಬಾಡಿಗೆ ಏರಿದರೆ ಏನಾಗುತ್ತದೆ ಅಂತ ಒಂದು ಪ್ರಶ್ನೆ ಇದೆ, ಆದರೆ ಹಿಂದೆ ಕೂತವರು ಕೇಳುವಂತಿಲ್ಲ ಅಲ್ವಾ?


ಡಸ್ಟರ್ ಮೇಡಂ
ಸೋಮವಾರ, ಬೆಳಿಗ್ಗೆ 8:10

ಟೀ ಹೊತ್ತಿಗೆ ಕೇಳಿ ಸರ್. ಊರಿನ ಹೆಸರು ನಿಮಗೆ ಮಾತ್ರ ಬೇರೆಯಾಗಿ ಕಳಿಸಿದ್ದೇನೆ. ಗುರುವಾರ 10:15ರ ಕ್ಲಾಸು. ಕೊನೇ ಸಾಲಿನ ಎಡಗಡೆ ಬೆಂಚಿನಲ್ಲಿ ಕೂರಬೇಡಿ, ಅದರ ಒಂದು ಕಾಲು ಮುರಿದಿದೆ, ಇಟ್ಟಿಗೆ ಇಟ್ಟಿದ್ದೇವೆ.